ಹೊರಡುವಾಗ ಬಾಗಿಲಲ್ಲಿ ಕೇಳುವ ಪ್ರಶ್ನೆ

2020ರ ಮಾರ್ಚ್ 13, ಶುಕ್ರವಾರ. ಸಂಜೆ ನಾಲ್ಕೂವರೆಗೆ ಕಚೇರಿಯ ಕಂಪ್ಯೂಟರಿನ ಪರದೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಅದಕ್ಕೆ ಸೀಟ್ ಬೆಲ್ಟ್ ಕಟ್ಟಿ ಮನೆಗೆ ಹೊರಟೆ. ಎರಡು ವಾರದ ಮಾತು ಎಂದಿದ್ದರು ಮೇಲಿನವರು. ಅದನ್ನು ನಂಬಿ ಮೇಜಿನ ಮೇಲಿನ ಗಿಡಕ್ಕೆ ಎರಡು ವಾರಕ್ಕಾಗುವಷ್ಟು ನೀರು ಹಾಕಿ ಬಂದಿದ್ದೆ. ಸೋಮವಾರ ಸಾಂತಾ ಕ್ಲಾರಾ ಸೇರಿದಂತೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಆರು ಕೌಂಟಿಗಳು ‘ಮನೆಯಲ್ಲೇ ಇರಿ’ ಎಂದು ಆದೇಶ ಹೊರಡಿಸಿದವು. ಆ ಕುಂಡವನ್ನು ಮತ್ತೆ ನೋಡುವ ಹೊತ್ತಿಗೆ ಅದರಲ್ಲಿ ಉಳಿದಿದ್ದದ್ದು ಬಿರುಕು ಬಿಟ್ಟ ಮಣ್ಣು.

ನಾನು ಇಲ್ಲಿನ ಒಂದು ಕಮ್ಯೂನಿಟಿ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮೂರು ಸಾಗರದ ನೆಂಟರಿಗೆ ಈ ಕಾಲೇಜು ಏನೆಂದು ವಿವರಿಸಲು ಹೋಗಿ ಪ್ರತಿ ಸಲವೂ ಸೋತಿದ್ದೇನೆ. ಪಿಯುಸಿಯೂ ಹೌದು, ಡಿಗ್ರಿಯ ಮೊದಲೆರಡು ವರ್ಷವೂ ಹೌದು, ಐಟಿಐ ಕೂಡ ಹೌದು ಎಂದರೆ ಅವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಇಲ್ಲಿ ಎರಡು ವರ್ಷ ಓದಿ ರಾಜ್ಯದ ದೊಡ್ಡ ವಿಶ್ವವಿದ್ಯಾಲಯಗಳ ಮೂರನೆಯ ವರ್ಷಕ್ಕೆ ಹೋಗಿ ಸೇರಬಹುದು. ನರ್ಸ್ ಆಗಬಹುದು, ವೆಲ್ಡಿಂಗ್ ಕಲಿಯಬಹುದು, ಎಪ್ಪತ್ತರ ವಯಸ್ಸಿನಲ್ಲಿ ಮಡಕೆ ಮಾಡುವುದನ್ನೂ ಕಲಿಯಬಹುದು. ಕಟ್ ಆಫ್ ಇಲ್ಲ. ಹದಿನೆಂಟು ತುಂಬಿದ್ದರೆ ಅಥವಾ ಹೈಸ್ಕೂಲು ಮುಗಿಸಿದ್ದರೆ ಯಾರನ್ನೂ ಹಿಂದಕ್ಕೆ ಕಳಿಸುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥ 116 ಕಾಲೇಜುಗಳಿವೆ. ಕೋವಿಡ್‌ಗೆ ಮುಂಚೆ ಅವುಗಳಲ್ಲಿ ಸುಮಾರು 20 ಲಕ್ಷ ಜನ ಓದುತ್ತಿದ್ದರು. ರಾಜ್ಯದ ನಿವಾಸಿಗೆ ಪಾಠದ ಭಾರ ಅಳೆಯುವ ಒಂದು ಯೂನಿಟ್‌ಗೆ 46 ಡಾಲರ್ ಫೀಸು, ಸೆಮಿಸ್ಟರಿಗೆ ಹನ್ನೆರಡು ಯೂನಿಟ್ ತೆಗೆದುಕೊಂಡರೆ ಪೂರ್ಣಾವಧಿ ವಿದ್ಯಾರ್ಥಿ.

ಇಷ್ಟೆಲ್ಲ ಅನುಕೂಲವಿದ್ದರೂ ನಮ್ಮವರಿಗೆ ಇದರ ಹೆಸರು ಹೇಳಲು ಕೊಂಚ ಮುಜುಗರ. ಯುಗಾದಿ ಊಟದ ಪಂಕ್ತಿಯಲ್ಲಿ ಒಬ್ಬರು ‘ಮಗ ಇನ್ನೆರಡು ವರ್ಷಕ್ಕೆ ಬರ್ಕಲಿಗೆ ಹೋಗುತ್ತಾನೆ’ ಎಂದರು. ಈಗ ಎಲ್ಲಿ ಓದುತ್ತಿದ್ದಾನೆ ಎಂದು ಎದುರಿನವರು ಕೇಳಿದಾಗ ಅವರು ಹೋಳಿಗೆಗೆ ತುಪ್ಪ ಸಾಲದೆಂದು ಎದ್ದು ಹೋದರು. ಆ ಹುಡುಗನಿಗೆ ಗುರುತಿನ ಚೀಟಿ ಮಾಡಿಸಿಕೊಟ್ಟವಳು ನಾನೇ. ಬಾಯಿ ಬಿಡಲಿಲ್ಲ.

ಆ ಮಾರ್ಚ್‌ವರೆಗೆ ದಾಖಲಾತಿ ಹೀಗೆ ನಡೆಯುತ್ತಿತ್ತು. ಅರ್ಜಿ ಎಂದೋ ಆನ್‌ಲೈನ್ ಆಗಿತ್ತು, ಎಲ್ಲ ಕಾಲೇಜುಗಳಿಗೂ ಒಂದೇ ಅರ್ಜಿ. ಆದರೆ ಅದನ್ನು ತುಂಬಲು ಅನೇಕರು ನಮ್ಮ ಕಟ್ಟಡಕ್ಕೇ ಬರುತ್ತಿದ್ದರು. ಸಾಲಾಗಿ ಹತ್ತು ಕಂಪ್ಯೂಟರ್, ಹಿಂದೆ ನೀಲಿ ಟೀ ಶರ್ಟು ತೊಟ್ಟ ಇಬ್ಬರು ಹಿರಿಯ ವಿದ್ಯಾರ್ಥಿಗಳು. ಯಾರ ಕೈ ಕೀಬೋರ್ಡಿನ ಮೇಲೆ ತಡವರಿಸಿತೋ ಅವರ ಹತ್ತಿರ ಹೋಗಿ ಬಗ್ಗುತ್ತಿದ್ದರು. ಅರ್ಜಿ ಮುಗಿದ ಮೇಲೆ ಶನಿವಾರ, ಹೊಸಬರಿಗೆ ಕಾಲೇಜು ಪರಿಚಯಿಸುವ ಎರಡು ಗಂಟೆ ಅವಧಿಯ ಓರಿಯೆಂಟೇಶನ್. ಆಮೇಲೆ ಕೌನ್ಸೆಲರ್ ಜೊತೆ ಕುಳಿತು ಯಾವ ಸೆಮಿಸ್ಟರಿನಲ್ಲಿ ಯಾವ ವಿಷಯ ಎಂಬ ಯೋಜನೆ. 2012ರ ರಾಜ್ಯದ ಕಾನೂನಿನ ಪ್ರಕಾರ ಇವನ್ನೆಲ್ಲ ಮುಗಿಸಿದ ಹೊಸಬರಿಗೆ ವಿಷಯಗಳನ್ನು ಆರಿಸಿಕೊಳ್ಳಲು ಮೊದಲ ಸರದಿ ಸಿಗುತ್ತದೆ. ಬಿಟ್ಟವರಿಗೆ ಕೊನೆಗೆ ಬೆಳಗಿನ ಏಳರ ತರಗತಿಗಳಷ್ಟೇ ಉಳಿದಿರುತ್ತವೆ. ಹಿಂದೆ ಇಂಗ್ಲಿಷ್, ಗಣಿತದ ಮಟ್ಟ ಅಳೆಯುವ ಪರೀಕ್ಷೆಯೊಂದಿತ್ತು. 2017ರಲ್ಲಿ ಬಂದ ಇನ್ನೊಂದು ಕಾನೂನು ಅದನ್ನು ಬದಿಗೆ ಸರಿಸಿ, ಹೈಸ್ಕೂಲಿನ ಅಂಕಗಳನ್ನೇ ನೋಡಿ ಎಂದಿತು. 2019ರ ಶರತ್ಕಾಲದ ಸೆಮಿಸ್ಟರಿನಿಂದ ಅದು ಕಡ್ಡಾಯವಾಯಿತು. ಆರೇ ತಿಂಗಳ ಅಂತರ! ಆ ಪರೀಕ್ಷೆ ಇನ್ನೂ ಉಳಿದಿದ್ದರೆ 2020ರಲ್ಲಿ ನಾವು ಮುಳುಗಿಯೇ ಹೋಗುತ್ತಿದ್ದೆವು.

ನನ್ನ ಜಾಗ ಇದ್ದದ್ದು ಕೌಂಟರಿನಲ್ಲಿ. ಬಂದವರ ಕೆಲಸ ಮುಗಿದ ಮೇಲೆ ಅಂಗೈ ಅಗಲದ ಹಳದಿ ಚೀಟಿಯೊಂದರ ಮೇಲೆ ಅವರ ವಿದ್ಯಾರ್ಥಿ ಸಂಖ್ಯೆ, ಫೀಸಿನ ಕೊನೆಯ ದಿನ ಮತ್ತು ಮುಂದೆ ಹೋಗಬೇಕಾದ ಕೋಣೆಯ ನಂಬರು ಬರೆದು ಕೊಡುತ್ತಿದ್ದೆ. ಅವರು ಚೀಟಿ ಮಡಚಿ ಜೇಬಿಗಿಟ್ಟು, ಬಾಗಿಲವರೆಗೆ ಹೋಗಿ, ಹಿಡಿಯ ಮೇಲೆ ಕೈಯಿಟ್ಟು ಹಿಂದಿರುಗಿ ನೋಡುತ್ತಿದ್ದರು. ‘ಇನ್ನೊಂದು ಕೇಳಬೇಕಿತ್ತು...’ ಅವರು ನಿಜವಾಗಿ ಬಂದಿದ್ದದ್ದು ಆ ಇನ್ನೊಂದಕ್ಕೇ. ಅಪ್ಪನ ಕೆಲಸ ಹೋಗಿದೆ, ಫೀಸು ಕಂತಿನಲ್ಲಿ ಕಟ್ಟಬಹುದೇ. ಹಿಂದೊಮ್ಮೆ ಸೇರಿ ಅರ್ಧಕ್ಕೆ ಬಿಟ್ಟಿದ್ದೆ, ಅದು ಕಾಗದದಲ್ಲಿ ಕಾಣುತ್ತದೆಯೇ. ಮಗುವನ್ನು ತರಗತಿಗೆ ಕರೆತರಬಹುದೇ. ಹತ್ತು ವರ್ಷ ಕೌಂಟರಿನಲ್ಲಿ ಕುಳಿತವಳಿಗೆ ಬೇರೇನು ತಿಳಿಯದಿದ್ದರೂ ಈ ಬಾಗಿಲಿನ ವರ್ತನೆ ಚೆನ್ನಾಗಿ ತಿಳಿದಿತ್ತು.

ಅದಕ್ಕೊಂದು ಹಳೆಯ ಕಾರಣವೂ ಇದೆ. 1996ರಲ್ಲಿ ಬಿ.ಎ.ಗೆ ಸೇರಲು ಅಪ್ಪನ ಜೊತೆ ಬಸ್ಸಿನಲ್ಲಿ ಹೋದಾಗ, ಕಾಲೇಜಿನ ಕಚೇರಿಯ ಕಿಟಕಿಯ ಮುಂದೆ ಎರಡು ಗಂಟೆ ನಿಂತಿದ್ದೆವು. ಟಿಸಿ, ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಎಲ್ಲದರ ಜೆರಾಕ್ಸಿಗೂ ಗೆಜೆಟೆಡ್ ಅಧಿಕಾರಿಯ ಸಹಿ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಜವಾನನೊಬ್ಬ ಮೈದಾ ಅಂಟಿನ ಡಬ್ಬಿ ಇಟ್ಟುಕೊಂಡು ಕುಳಿತಿದ್ದ. ಫೋಟೊ ಅಂಟಿಸುವುದಷ್ಟೇ ಅವನ ಕೆಲಸ. ನಮ್ಮ ಅರ್ಜಿಯ ಮೇಲೆ ಕಣ್ಣಾಡಿಸಿ, ‘ಯಜಮಾನರೇ, ಹಾಸ್ಟೆಲ್ ಬೇಕು ಎಂದು ಇಲ್ಲಿ ಗುರುತು ಹಾಕಿಲ್ಲ, ಆಮೇಲೆ ಕೇಳಿದರೆ ಕೊಡುವುದಿಲ್ಲ’ ಎಂದ. ನನ್ನ ಮೂರು ವರ್ಷ ನಿಂತದ್ದು ಆ ಒಂದು ಮಾತಿನ ಮೇಲೆ. ಕಿಟಕಿಯ ಒಳಗಿದ್ದವರು ಅರ್ಜಿಯಲ್ಲಿ ಇದ್ದದ್ದನ್ನು ಓದುತ್ತಿದ್ದರು, ಅವನು ಇಲ್ಲದ್ದನ್ನು ಓದಿದ.

ಏಪ್ರಿಲ್ ಹೊತ್ತಿಗೆ ಎರಡು ವಾರದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ನಮಗೆ ಏಪ್ರಿಲ್ ಎಂದರೆ ಸುಗ್ಗಿ. ಹೈಸ್ಕೂಲುಗಳಿಗೆ ಹೋಗಿ ಕೊನೆಯ ವರ್ಷದ ಮಕ್ಕಳನ್ನು ಸೇರಿಸಿಕೊಳ್ಳುವ ಕಾಲ. ಶಾಲೆಗಳೂ ಮುಚ್ಚಿದ್ದವು. ಆದ್ದರಿಂದ ಇದ್ದ ಕ್ರಮವನ್ನೇ ಎತ್ತಿ ಪರದೆಯ ಮೇಲೆ ಇಟ್ಟೆವು. ಈಗ ಯೋಚಿಸಿದರೆ ಅದೇ ಮೊದಲ ತಪ್ಪು. ಕಾಗದದ ನಮೂನೆಗಳನ್ನು ಪಿಡಿಎಫ್ ಮಾಡಿ, ‘ಮುದ್ರಿಸಿ, ಸಹಿ ಮಾಡಿ, ಸ್ಕ್ಯಾನ್ ಮಾಡಿ ಕಳಿಸಿ’ ಎಂದು ಬರೆದೆವು. ಮನೆಯಲ್ಲಿ ಪ್ರಿಂಟರ್ ಯಾರ ಹತ್ತಿರ ಇರುತ್ತದೆ? ಗ್ರಂಥಾಲಯ ಮುಚ್ಚಿದೆ, ಅಂಗಡಿಯೂ ಮುಚ್ಚಿದೆ. ಒಬ್ಬ ಹುಡುಗ ಲ್ಯಾಪ್‌ಟಾಪಿನ ಪರದೆಯ ಮೇಲೆ ನಮೂನೆ ತೆರೆದು, ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ಅದರ ಮೇಲೆ ಮಾರ್ಕರಿನಲ್ಲಿ ಸಹಿ ಮಾಡಿ, ಇಡೀ ದೃಶ್ಯದ ಫೋಟೊ ತೆಗೆದು ಕಳಿಸಿದ್ದ. ಇಂಥ ಬುದ್ಧಿವಂತನನ್ನು ನಿಯಮದ ಹೆಸರಿನಲ್ಲಿ ತಿರಸ್ಕರಿಸಲು ನನಗೆ ಮನಸ್ಸಾಗಲಿಲ್ಲ. ಇನ್ನೊಬ್ಬಳು ನಮೂನೆಯಲ್ಲಿದ್ದದ್ದನ್ನೆಲ್ಲ ನೋಟ್ ಪುಸ್ತಕದ ಹಾಳೆಯ ಮೇಲೆ ಕೈಯಲ್ಲಿ ಬರೆದು, ಕೆಳಗೆ ಸಹಿ ಹಾಕಿ ಕಳಿಸಿದ್ದಳು, ಸಣ್ಣಕ್ಷರದ ಕಾನೂನು ಸೂಚನೆ ಸಹಿತ. ಮೇ ತಿಂಗಳಲ್ಲಿ ಫೋನಿನಲ್ಲೇ ಬೆರಳಿನಿಂದ ಸಹಿ ಹಾಕುವ ವ್ಯವಸ್ಥೆ ಬಂದ ಮೇಲೆ ಈ ಪ್ರತಿಭೆಗಳ ದರ್ಶನ ನಿಂತುಹೋಯಿತು.

ಎರಡನೆಯ ಎಡವಟ್ಟು ಕಣ್ಣಿಗೆ ಬೀಳಲು ಜುಲೈ ಬೇಕಾಯಿತು. ಏಪ್ರಿಲಿನಲ್ಲಿ ಅರ್ಜಿ ಹಾಕಿದವರಿಗೆಲ್ಲ ‘ನೀವು ಸೇರಿದ್ದೀರಿ, ಮುಂದಿನ ಹೆಜ್ಜೆ ಇದು’ ಎಂದು ಇಮೇಲ್ ಹೋಗಿತ್ತು. ಉತ್ತರವಿಲ್ಲ. ನೆನಪೋಲೆ ಹೋಯಿತು, ಅದಕ್ಕೂ ಉತ್ತರವಿಲ್ಲ. ಹುಡುಗರಿಗೆ ಆಸಕ್ತಿ ಹೋಗಿದೆ ಎಂದು ಸಭೆಯಲ್ಲಿ ಒಬ್ಬರು, ಸಾಂಕ್ರಾಮಿಕದ ಖಿನ್ನತೆ ಎಂದು ಇನ್ನೊಬ್ಬರು. ನಮ್ಮ ನೀಲಿ ಟೀ ಶರ್ಟಿನ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಕೋಣೆಯ ಕೆಲಸ ಇರಲಿಲ್ಲವಲ್ಲ, ಅವರಿಗೆ ಹೆಸರುಗಳ ಪಟ್ಟಿ ಕೊಟ್ಟು ಫೋನ್ ಮಾಡಲು ಹೇಳಿದೆವು. ಮೊದಲ ದಿನವೇ ಗುಟ್ಟು ಹೊರಬಿತ್ತು. ಮಕ್ಕಳು ಅರ್ಜಿಯಲ್ಲಿ ಕೊಟ್ಟಿದ್ದದ್ದು ಹೈಸ್ಕೂಲಿನ ಇಮೇಲ್ ವಿಳಾಸ. ಕೆಲವು ಶಾಲೆಗಳಲ್ಲಿ ಹೊರಗಿನ ಅಂಚೆ ಆ ಪೆಟ್ಟಿಗೆಗೆ ಬೀಳುವುದೇ ಇಲ್ಲ. ಉಳಿದ ಕಡೆ ಶಾಲೆ ಮುಗಿದ ಮೇಲೆ ಪೆಟ್ಟಿಗೆಗೇ ಬೀಗ. ನಾವು ಮೂರು ತಿಂಗಳು ಪಾಳುಮನೆಯ ಬಾಗಿಲು ಬಡಿಯುತ್ತಿದ್ದೆವು. ಕೌಂಟರಿನಲ್ಲಿ ಇದೇ ಸಮಸ್ಯೆ ಹಿಂದೆಯೂ ಇತ್ತು. ಅಲ್ಲಿ ಮಕ್ಕಳು ‘ಏನೂ ಬಂದಿಲ್ಲ’ ಎಂದು ಎದುರಿಗೇ ಬಂದು ನಿಲ್ಲುತ್ತಿದ್ದರು, ಸರಿಯಾಗುತ್ತಿತ್ತು, ಹಾಗಾಗಿ ಅದು ಸಮಸ್ಯೆ ಎಂದೇ ಯಾರೂ ಬರೆದಿಟ್ಟಿರಲಿಲ್ಲ. ‘ಶಾಲೆ ಮುಗಿದ ಮೇಲೂ ನಿಮ್ಮದಾಗಿ ಉಳಿಯುವ ಇಮೇಲ್ ಕೊಡಿ’ ಎಂಬ ಒಂದು ಸಾಲು ಸೂಚನೆಯ ತಲೆಯ ಮೇಲೆ ಬಂತು, ಜೊತೆಗೆ ಮೊಬೈಲಿಗೂ ಸಂದೇಶ ಹೋಗತೊಡಗಿತು. ಆ ಶರತ್ಕಾಲದಲ್ಲಿ ದೇಶದಾದ್ಯಂತ ಕಮ್ಯೂನಿಟಿ ಕಾಲೇಜುಗಳ ದಾಖಲಾತಿ ಸುಮಾರು ಶೇ. 10ರಷ್ಟು ಕುಸಿಯಿತು. ಕೆಲಸ ಕಳೆದುಕೊಂಡ ಮನೆಗಳು, ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದ ಅಕ್ಕಂದಿರು, ಕಾರಣಗಳು ಬೇಕಾದಷ್ಟಿದ್ದವು. ಆದರೆ ಅದರಲ್ಲಿ ಇಂಥ ಬೀಗ ಹಾಕಿದ ಪೆಟ್ಟಿಗೆಗಳ ಪಾಲೂ ಒಂದಿಷ್ಟು ಇರಲೇಬೇಕು ಎಂಬುದು ನನ್ನ ಗುಮಾನಿ.

ಕಚೇರಿಯ ಫೋನು ನನ್ನ ಮನೆಯ ಲ್ಯಾಪ್‌ಟಾಪಿಗೆ ಬರುತ್ತಿತ್ತು. ಒಂದು ಮಧ್ಯಾಹ್ನ ತಾಯಿಯೊಬ್ಬರು. ನನ್ನ ಹೆಸರು ಕೇಳಿದ್ದೇ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಹೊರಳಿದರು. ಮಗ ಯಾವ ವಿಷಯ ತೆಗೆದುಕೊಂಡಿದ್ದಾನೆ ನೋಡಿ ಹೇಳಬೇಕಿತ್ತು. ಅಮೆರಿಕದಲ್ಲಿ 1974ರಿಂದ ಒಂದು ಕಾನೂನಿದೆ: ಕಾಲೇಜಿಗೆ ಸೇರಿದ ಮೇಲೆ, ವಯಸ್ಸು ಹದಿನಾರೇ ಆಗಿರಲಿ, ದಾಖಲೆಗಳ ಹಕ್ಕು ವಿದ್ಯಾರ್ಥಿಯದು, ಅವನ ಒಪ್ಪಿಗೆ ಇಲ್ಲದೆ ತಂದೆ ತಾಯಿಗೂ ಸಾಮಾನ್ಯವಾಗಿ ಹೇಳುವಂತಿಲ್ಲ. ಅದನ್ನೇ ವಿವರಿಸಿದೆ.

‘ಫೀಸು ಕಟ್ಟುವವಳು ನಾನೇ ಅಲ್ಲವೇನಮ್ಮ?’

‘ಹೌದು, ಆದರೂ...’

‘ಒಂಬತ್ತು ತಿಂಗಳು ಹೊತ್ತವಳಿಗೂ ಹೇಳಬಾರದು ಎಂದು ನಿಮ್ಮ ಕಾನೂನಿನಲ್ಲಿ ಬರೆದಿದೆಯೇ?’

ಹಾಗೆ ನೋಡಿದರೆ ಬರೆದಿದೆ. ಆದರೆ ಅದನ್ನು ಕನ್ನಡದಲ್ಲಿ ಹೇಳುವ ಬಗೆ ನನಗೆ ತಿಳಿಯಲಿಲ್ಲ. ಕೌಂಟರಿನಲ್ಲಾಗಿದ್ದರೆ ಮಗ ಪಕ್ಕದಲ್ಲೇ ಹೆಡ್‌ಫೋನ್ ಹಾಕಿಕೊಂಡು ನಿಂತಿರುತ್ತಿದ್ದ. ಅವನ ಮುಖ ನೋಡಿ ‘ಹೇಳಲೇ?’ ಎನ್ನುತ್ತಿದ್ದೆ, ಅವನು ಹೂಂ ಎನ್ನುತ್ತಿದ್ದ. ಇಲ್ಲಿ ಅವನು ಸ್ನಾನಕ್ಕೆ ಹೋಗಿದ್ದ. ಬಚ್ಚಲುಮನೆಯ ಬಾಗಿಲು ಬಡಿಯುವ ಸದ್ದು, ಒಂದು ಜಗಳ, ಆಮೇಲೆ ನೀರು ತೊಟ್ಟಿಕ್ಕುವ ಧ್ವನಿಯೊಂದು ತನ್ನ ವಿದ್ಯಾರ್ಥಿ ಸಂಖ್ಯೆ ಮತ್ತು ಹುಟ್ಟಿದ ದಿನ ಹೇಳಿತು. ನಾನು ಅವನಿಗೆ ಹೇಳಿದೆ. ಅವನು ಸ್ಪೀಕರ್ ಹಾಕಿದ್ದರೆ ಅದು ಅವನ ಇಷ್ಟ.

ಇನ್ನು ಓರಿಯೆಂಟೇಶನ್. ಹಳೆಯ ಶನಿವಾರಗಳ ಬಗ್ಗೆ ನನಗೇನೂ ಅಂಥ ಮಮತೆ ಇಲ್ಲ. ಎರಡು ಗಂಟೆ ಹಾಲ್‌ನಲ್ಲಿ ಕೂರಿಸಿ, ಒಬ್ಬರಾದ ಮೇಲೊಬ್ಬರು ಬಂದು ತಮ್ಮ ತಮ್ಮ ವಿಭಾಗದ ಮಹಿಮೆ ಹಾಡುತ್ತಿದ್ದರು. ಪಿಜ್ಜಾ ಬರುವವರೆಗೆ ಮಕ್ಕಳು ಸಹಿಸುತ್ತಿದ್ದರು. ಶನಿವಾರ ಕೆಲಸಕ್ಕೆ ಹೋಗುವವರು, ಚಿಕ್ಕ ಮಕ್ಕಳಿದ್ದವರು ಬರುತ್ತಲೇ ಇರಲಿಲ್ಲ. ಅವರಿಗೆ ಮೊದಲ ಸರದಿಯೂ ತಪ್ಪುತ್ತಿತ್ತು. ಆನ್‌ಲೈನಿಗೆ ಬಂದದ್ದರಿಂದ ನಿಜವಾದ ಲಾಭವಾದದ್ದು ಇಲ್ಲಿ.

ಆದರೆ ಆ ಲಾಭ ಮೊದಲ ಸಲಕ್ಕೆ ಕೈಗೆ ಬರಲಿಲ್ಲ. ಮೊದಲ ವಿಡಿಯೊ ನಲವತ್ತೈದು ನಿಮಿಷದ್ದು. ಮೇಲಧಿಕಾರಿಯೊಬ್ಬರು ಸ್ಲೈಡುಗಳನ್ನು ಓದುತ್ತಾ ಹೋಗಿದ್ದರು, ಹಿನ್ನೆಲೆಯಲ್ಲಿ ಅವರ ನಾಯಿ. ಕಿವಿ ಕೇಳದವರಿಗಾಗಿ ಪ್ರತಿ ವಿಡಿಯೊಕ್ಕೂ ಅಕ್ಷರಗಳು ಇರಲೇಬೇಕೆಂಬುದು ನಿಯಮ. ಯಂತ್ರ ತಾನಾಗಿ ಬರೆದದ್ದನ್ನು ತಿದ್ದುವ ಕೆಲಸ ನನಗೆ ಬಂತು. ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ‘ಪೆಲ್ ಗ್ರಾಂಟ್’ ಎಂಬ ಹಣ ಅದರ ಕಿವಿಗೆ ‘ಪೇಲ್ ಗ್ರಾನೈಟ್’ ಎಂದು ಕೇಳಿಸಿತ್ತು. ನನ್ನ ಭಾಗದಲ್ಲಿ ‘ವೇಯ್ಟ್‌ಲಿಸ್ಟ್’ ಹೋಗಿ ‘ವೇಸ್ಟ್ ಲಿಸ್ಟ್’ ಆಗಿತ್ತು. ಸಾಗರದ ನಾಲಿಗೆಯ ದೋಷವೋ ಯಂತ್ರದ ದೋಷವೋ ನಿರ್ಧರಿಸದೆ ತಿದ್ದಿದೆ. ಸಾಲು ಸಾಲಾಗಿ ಓದುತ್ತಾ ಹೋದಂತೆ ಇನ್ನೊಂದು ಗೊತ್ತಾಯಿತು: ನಾವೆಲ್ಲ ಎಷ್ಟು ಬಡಬಡಿಸುತ್ತೇವೆ! ನಲವತ್ತೈದು ನಿಮಿಷದಲ್ಲಿ ಹೊಸಬನಿಗೆ ಬೇಕಾದದ್ದು ಹದಿನೈದೂ ಇರಲಿಲ್ಲ. ಅದನ್ನು ತುಂಡರಿಸಿ ನಾಲ್ಕೈದು ನಿಮಿಷದ ಚಿಕ್ಕ ವಿಡಿಯೊಗಳನ್ನಾಗಿ ಮಾಡಿದೆವು. ಸಹೋದ್ಯೋಗಿಗಳು ಸ್ಪ್ಯಾನಿಶ್ ಮತ್ತು ವಿಯೆಟ್ನಾಮೀಸ್ ಭಾಷೆಗಳಲ್ಲೂ ಅವನ್ನು ಮಾಡಿದರು.

ಪ್ರತಿ ವಿಡಿಯೊದ ಕೊನೆಗೆ ಒಂದೆರಡು ಪ್ರಶ್ನೆ ಇಟ್ಟಿದ್ದೆವು. ಅದರಲ್ಲೊಂದು: ಅಧ್ಯಾಪಕರ ‘ಆಫೀಸ್ ಅವರ್ಸ್’ ಎಂದರೇನು? ಅವರು ತಮ್ಮ ಕೋಣೆಯಲ್ಲಿ ಕೆಲಸದಲ್ಲಿರುತ್ತಾರೆ, ತೊಂದರೆ ಕೊಡಬಾರದು ಎಂಬ ಉತ್ತರವನ್ನು ಒಬ್ಬರಾದ ಮೇಲೊಬ್ಬರು ಆರಿಸುತ್ತಿದ್ದರು. ಅದು ವಿದ್ಯಾರ್ಥಿಗಳು ಬಂದು ಅನುಮಾನ ಕೇಳಲೆಂದೇ ಬಿಟ್ಟ ಸಮಯ. ಶನಿವಾರದ ಹಾಲ್‌ನಲ್ಲಿ ನಾನು ಆ ಪದವನ್ನು ವರ್ಷಗಟ್ಟಲೆ ಉಚ್ಚರಿಸಿದ್ದೆ, ಎದುರಿಗಿದ್ದವರೆಲ್ಲ ತಲೆಯಾಡಿಸಿದ್ದರು. ನಮ್ಮ ಮಾತು ಅವರಿಗೆ ತಲುಪುತ್ತಿಲ್ಲ ಎಂಬುದನ್ನು ನನಗೆ ತೋರಿಸಿಕೊಟ್ಟದ್ದು ಪರದೆಯೇ. ಈ ಋಣ ಒಪ್ಪಿಕೊಳ್ಳಬೇಕು.

ವಿಡಿಯೊಗಳ ಜೊತೆಗೆ ವಾರಕ್ಕೊಮ್ಮೆ ಮಂಗಳವಾರ ರಾತ್ರಿ ಎಂಟಕ್ಕೆ ಜೂಮ್‌ನಲ್ಲಿ ಒಂದು ಗಂಟೆಯ ಭೇಟಿ ಇಟ್ಟಿದ್ದೆವು. ಎಂಟು ಗಂಟೆ ಎಂದಾಗ ಮೇಲಿನವರು ಹುಬ್ಬೇರಿಸಿದ್ದರು. ಗೋದಾಮಿನ ಪಾಳಿ ಮುಗಿಸಿ ಕಾರಿನಲ್ಲಿ ಕುಳಿತೇ ಸೇರುವವರಿದ್ದರು, ಮಗುವಿಗೆ ಹಾಲು ಕುಡಿಸುತ್ತಾ ಕೇಳುವವರಿದ್ದರು. ಕೆಲವರು ನಮ್ಮದೇ ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ ಕಾರು ನಿಲ್ಲಿಸಿ, ಅಲ್ಲಿ ಬಿಟ್ಟಿದ್ದ ವೈಫೈ ಹಿಡಿದು ಬರುತ್ತಿದ್ದರು. ನಾನು ಹೇಳುವುದನ್ನು ಹೇಳಿ, ಒಂಬತ್ತಕ್ಕೆ ‘ಪ್ರಶ್ನೆಗಳಿವೆಯೇ?’ ಎಂದು ಕೇಳಿ, ಐದು ಎಣಿಸಿ, ಶುಭರಾತ್ರಿ ಹೇಳಿ ಮುಚ್ಚುತ್ತಿದ್ದೆ. ಪ್ರಶ್ನೆ ಬರುವುದು ಅಪರೂಪ. ಅಷ್ಟು ಚೆನ್ನಾಗಿ ವಿವರಿಸುತ್ತಿದ್ದೇನೆ ಎಂದುಕೊಂಡಿದ್ದೆ.

ಆಗಸ್ಟಿನ ಒಂದು ಮಂಗಳವಾರ ಎಲ್ಲ ಕಪ್ಪು ಚೌಕಗಳೂ ಒಂದೊಂದಾಗಿ ಆರಿಹೋದ ಮೇಲೆ ಒಂದು ಉಳಿದಿತ್ತು. ಹೆಸರಿನ ಜಾಗದಲ್ಲಿ ಫೋನಿನ ಮಾದರಿಯ ಹೆಸರು. ಮರೆತು ಹಾಗೇ ಎದ್ದು ಹೋಗಿರಬೇಕೆಂದು ಮುಚ್ಚಲು ಹೊರಟಾಗ ಚಾಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಾಲು ಬಂತು: ‘ಮೇಡಂ, ನೀವು ಕನ್ನಡದವರೇ?’ ಪರದೆಯ ಮೇಲೆ ನನ್ನ ಹೆಸರಿನ ಕೊನೆಗಿದ್ದ ‘ಹೆಗಡೆ’ ನೋಡಿ ಅಂದಾಜು ಮಾಡಿದ್ದಳು.

ಹಾಸನದ ಕಡೆಯ ಹೆಣ್ಣುಮಗಳು, ಬಿ.ಎಸ್ಸಿ. ಓದಿದವಳು. ಗಂಡನ ಕೆಲಸದಿಂದಾಗಿ ಎಚ್-4 ವೀಸಾದಲ್ಲಿ 2018ರಲ್ಲಿ ಬಂದವಳು. ದನಿ ತಗ್ಗಿಸಿ ಮಾತನಾಡುತ್ತಿದ್ದಳು. ಮಗು ಮಲಗಿತ್ತು, ಪಕ್ಕದ ಕೋಣೆಯಲ್ಲಿ ಗಂಡ ಆಫೀಸಿನ ಕರೆಯಲ್ಲಿದ್ದ. ಮಕ್ಕಳ ಶಿಕ್ಷಣದ ಕೋರ್ಸಿಗೆ ಅರ್ಜಿ ಹಾಕಿ, ಒಂದು ವಿಷಯ ಆರಿಸಿಕೊಂಡು, ಬಿಲ್ಲು ನೋಡಿ, ಅದೇ ರಾತ್ರಿ ಅದನ್ನು ಬಿಟ್ಟೂ ಬಿಟ್ಟಿದ್ದಳು.

‘ಎಷ್ಟು ಬಂದಿತ್ತು?’

‘ಸಾವಿರದ ಮೇಲೆ ಮೇಡಂ. ನಲವತ್ತಾರು ಡಾಲರ್ ಎಂದು ಬರೆದಿತ್ತು, ಅದು ಇಲ್ಲಿನವರಿಗೆ ಮಾತ್ರ ಇರಬೇಕು ಎಂದುಕೊಂಡೆ.’

ಬಿಲ್ಲು ಹೊರರಾಜ್ಯದವರ ದರದಲ್ಲಿ ಬಂದಿತ್ತು, ಆರೇಳು ಪಟ್ಟು. ಎಚ್-4ನವರು ಒಂದು ವರ್ಷ ಒಂದು ದಿನ ಇಲ್ಲಿ ನೆಲೆಸಿದ್ದನ್ನು ತೋರಿಸಿದರೆ ಫೀಸಿನ ಮಟ್ಟಿಗೆ ಕ್ಯಾಲಿಫೋರ್ನಿಯಾದವರೇ. ವಿದ್ಯಾರ್ಥಿ ವೀಸಾದವರಿಗೆ ಆ ಅನುಕೂಲವಿಲ್ಲ. ಹಾಗಾದರೆ ಎಡವಿದ್ದು ಎಲ್ಲಿ? ಅರ್ಜಿಯಲ್ಲಿ ಏನು ತುಂಬಿದೆ, ಓದಿ ಹೇಳು ಎಂದೆ. ‘ಈಗ ಇಲ್ಲಿ ವಾಸವಿರುವುದು ಯಾವ ದಿನದಿಂದ’ ಎಂಬಲ್ಲಿ ಅವಳು 2020ರ ಫೆಬ್ರವರಿಯ ಒಂದು ದಿನ ಬರೆದಿದ್ದಳು. ತಂಗಿಯ ಮದುವೆಗೆ ಊರಿಗೆ ಹೋದವಳು ಮರಳಿ ಇಲ್ಲಿ ವಿಮಾನ ಇಳಿದ ದಿನ ಅದು. ಕೇಳಿದ ಪ್ರಶ್ನೆಗೆ ಅಕ್ಷರಶಃ ನಿಜ ಹೇಳಿದ್ದಳು. ಯಂತ್ರ ಫೆಬ್ರವರಿಯಿಂದ ಎಣಿಸಿ ಆರು ತಿಂಗಳು ಎಂದು ತೀರ್ಮಾನಿಸಿತ್ತು.

ಬಾಡಿಗೆ ಕರಾರು, ತೆರಿಗೆ ಕಾಗದ, ಡ್ರೈವಿಂಗ್ ಲೈಸೆನ್ಸ್, ವೀಸಾದ ಪತ್ರ, ಇಷ್ಟನ್ನು ಫೋನಿನಲ್ಲಿ ಫೋಟೊ ತೆಗೆದು ಕಳಿಸಲು ಹೇಳಿದೆ. ವಾರದೊಳಗೆ ಸರಿಹೋಯಿತು. ಅವಳು ಬಿಟ್ಟ ತರಗತಿಯಲ್ಲಿ ಅಷ್ಟು ಹೊತ್ತಿಗೆ ಜಾಗ ತುಂಬಿತ್ತು; ವೇಯ್ಟ್‌ಲಿಸ್ಟಿನಲ್ಲಿ ಮೂರನೆಯವಳಾಗಿ ಕಾದು ಒಳಗೆ ಬಂದಳು. ಅಂದು ರಾತ್ರಿ ಮಾತು ಮುಗಿಸುವ ಮುಂಚೆ, ಅಷ್ಟರಲ್ಲಿ ಮೇಡಂನಿಂದ ಅಕ್ಕನಿಗೆ ಬಂದಿದ್ದವಳು, ತೀರ ಸಂಕೋಚದಿಂದ ಹೇಳಿದಳು: ‘ಹೋದ ಮಂಗಳವಾರವೂ ಬಂದಿದ್ದೆ ಅಕ್ಕ. ಕೇಳೋಣ ಎಂದುಕೊಳ್ಳುವಷ್ಟರಲ್ಲಿ ನೀವು ಮುಚ್ಚಿಬಿಟ್ಟಿರಿ.’

ಆ ರಾತ್ರಿ ಪಾತ್ರೆ ತೊಳೆಯುವಾಗ ಲೆಕ್ಕ ಹಾಕಿದೆ. ಮೇ ತಿಂಗಳಿಂದ ಎಷ್ಟು ಮಂಗಳವಾರ ಹೀಗೆ ಐದು ಎಣಿಸಿ ಮುಚ್ಚಿದ್ದೇನೆ? ನಮ್ಮ ಕಟ್ಟಡದಲ್ಲಿ ಕೌಂಟರಿನಿಂದ ಬಾಗಿಲಿಗೆ ಹದಿನೈದು ಹೆಜ್ಜೆ ಇತ್ತು. ಆ ಹದಿನೈದು ಹೆಜ್ಜೆಯಲ್ಲಿ ಜನ ಧೈರ್ಯ ತಂದುಕೊಳ್ಳುತ್ತಿದ್ದರು. ಅರ್ಜಿ, ವಿಡಿಯೊ, ಸಹಿ ಎಲ್ಲವನ್ನೂ ಸಾಗಿಸಿದ್ದ ನಾವು ಆ ಹೆಜ್ಜೆಗಳನ್ನು ಕಟ್ಟಡದಲ್ಲೇ ಬಿಟ್ಟು ಬಂದಿದ್ದೆವು.

ಮುಂದಿನ ಮಂಗಳವಾರದಿಂದ ಒಂಬತ್ತಕ್ಕೆ ಕಾರ್ಯಕ್ರಮ ಮುಗಿಯಿತು ಎಂದು ಹೇಳಿ, ರೆಕಾರ್ಡಿಂಗ್ ನಿಲ್ಲಿಸಿ, ‘ನಾನು ಇನ್ನರ್ಧ ಗಂಟೆ ಇಲ್ಲೇ ಇರುತ್ತೇನೆ’ ಎಂದು ಕುಳಿತೆ. ಯಾರೂ ಮಾತನಾಡಲಿಲ್ಲ. ಎಂಟು ಕಪ್ಪು ಚೌಕಗಳು, ನಡುವೆ ಪರದೆಯನ್ನೇ ದಿಟ್ಟಿಸುತ್ತಿರುವ ನನ್ನ ಮುಖ, ನನಗೇ ಹೆದರಿಕೆಯಾಗುವಂತಿತ್ತು. ಅದರ ಮುಂದಿನ ವಾರ ನಾಳೆಯ ಪಲ್ಯಕ್ಕೆಂದು ಬೀನ್ಸ್ ತಂದಿಟ್ಟುಕೊಂಡು, ಕ್ಯಾಮೆರಾದ ಮುಂದೆಯೇ ನಾರು ತೆಗೆಯುತ್ತಾ ಕುಳಿತೆ. ಕಣ್ಣು ತಟ್ಟೆಯ ಮೇಲೆ. ಐದು ನಿಮಿಷವಾಗಿರಬಹುದು, ಗಂಡಸಿನ ಧ್ವನಿಯೊಂದು, ಅದು ಯಾವ ತರಕಾರಿ ಎಂದು ಕೇಳಿತು. ಆಮೇಲೆ, ನನಗೆ ನಲವತ್ತೊಂದು, ಈ ವಯಸ್ಸಿನಲ್ಲಿ ಗಣಿತ ಮತ್ತೆ ಬರುತ್ತದೆಯೇ ಎಂದಿತು. ನಮ್ಮ ಮನೆಯ ಜಗುಲಿಯಲ್ಲಿ ಅಡಿಕೆ ಸುಲಿಯುವಾಗ ಹೆಂಗಸರು ಮನಸ್ಸು ಬಿಚ್ಚುತ್ತಿದ್ದದ್ದೂ ಹೀಗೆಯೇ. ಎಲ್ಲರ ಕಣ್ಣೂ ಮೆಟ್ಟುಗತ್ತಿಯ ಮೇಲೆ ಇರುತ್ತಿತ್ತು, ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ. ಆ ಚಳಿಗಾಲ ನಮ್ಮ ಮನೆಯಲ್ಲಿ ಮಂಗಳವಾರ ರಾತ್ರಿಗೆ ಬೀನ್ಸ್, ಬಟಾಣಿ, ಬೆಳ್ಳುಳ್ಳಿ ಕಾದಿರುತ್ತಿದ್ದವು. ಬುಧವಾರದ ಪಲ್ಯಕ್ಕೆ ಮಗ ‘ಓರಿಯೆಂಟೇಶನ್ ಪಲ್ಯ’ ಎಂದು ಹೆಸರಿಟ್ಟ.

2021ರಲ್ಲಿ ಬೇರೆಯದೇ ಕಾಟ ಶುರುವಾಯಿತು. ಅರ್ಜಿಗಳ ಸಂಖ್ಯೆ ಇದ್ದಕ್ಕಿದ್ದಂತೆ ಏರಿತು. ಮೇಲಿನವರು ಖುಷಿಪಟ್ಟರು, ನಮಗೆ ಅನುಮಾನ ಬಂತು. ಬೇರೆ ಬೇರೆ ಹೆಸರು, ಒಂದೇ ಫೋನ್ ನಂಬರು. ತರಗತಿ ತುಂಬಿರುತ್ತಿತ್ತು, ಅಧ್ಯಾಪಕರು ನೋಡಿದರೆ ಅರ್ಧಕ್ಕರ್ಧ ಜನ ಒಂದು ಅಕ್ಷರವನ್ನೂ ಬರೆದಿರುತ್ತಿರಲಿಲ್ಲ. ಹಣಕಾಸಿನ ನೆರವು ಮತ್ತು ಕೋವಿಡ್ ಪರಿಹಾರದ ಹಣ ದೋಚಲು ಬಂದ ದೆವ್ವದ ವಿದ್ಯಾರ್ಥಿಗಳು. ಇಲ್ಲಿ ಅವರಿಗೆ ಇರುವ ಹೆಸರೇ ಅದು. ಆ ವರ್ಷ ರಾಜ್ಯದಾದ್ಯಂತ 65,000ಕ್ಕೂ ಹೆಚ್ಚು ನಕಲಿ ನೆರವಿನ ಅರ್ಜಿಗಳ ಶಂಕೆ ಎಂದು ಪತ್ರಿಕೆಗಳಲ್ಲಿ ಬಂತು. ಎದುರಿಗೆ ಬಂದು ನಿಲ್ಲಬೇಕಾಗಿದ್ದ ಕಾಲದಲ್ಲಿ ದೆವ್ವಗಳಿಗೆ ಸಾಲಿನಲ್ಲಿ ನಿಲ್ಲುವ ತಾಳ್ಮೆ ಇರಲಿಲ್ಲ ಎಂದು ಕಾಣುತ್ತದೆ.

ಜರಡಿ ಬಿಗಿಯಾಯಿತು. ಬಿಗಿಯಾದ ಜರಡಿಯಲ್ಲಿ ನಿಜವಾದವರೂ ಸಿಕ್ಕಿಹಾಕಿಕೊಂಡರು. ಕಾರಿನಲ್ಲಿ ಮಲಗುವ ಹುಡುಗನಿಗೆ ಖಾಯಂ ವಿಳಾಸ ಎಲ್ಲಿಂದ ಬರಬೇಕು? ಒಂದೇ ಮನೆಯಲ್ಲಿ ಮೂರು ಸಂಸಾರ ಇರುವವರ ವಿಳಾಸ ಮೂರು ಅರ್ಜಿಗಳಲ್ಲಿ ಕಂಡರೆ ಯಂತ್ರಕ್ಕೆ ಮೋಸದಂತೆಯೇ ಕಾಣುತ್ತದೆ. ಅನುಮಾನ ಬಂದ ಅರ್ಜಿಗಳನ್ನು ತಡೆಹಿಡಿದು, ಗುರುತಿನ ಚೀಟಿ ಹಿಡಿದು ಜೂಮ್‌ಗೆ ಬನ್ನಿ, ಇಲ್ಲವೇ ಕಚೇರಿಗೇ ಬನ್ನಿ ಎಂದು ಹೇಳತೊಡಗಿದೆವು. ಜಾಲದ ಮೇಲೆ ಹತ್ತಿಸಿದ ಸಾಲಿನ ಒಂದು ತುದಿ ಹೀಗೆ ಮತ್ತೆ ನೆಲಕ್ಕೆ ಇಳಿಯಿತು.

ಈಗ ಎರಡೂ ಇದೆ. ಕಟ್ಟಡ ತೆರೆದಿದೆ, ಹತ್ತು ಕಂಪ್ಯೂಟರಿನ ಜಾಗದಲ್ಲಿ ಆರು ಇವೆ, ಟೀ ಶರ್ಟಿನ ಬಣ್ಣ ಹಸಿರಾಗಿದೆ. ಶನಿವಾರದ ಹಾಲ್ ಕಾರ್ಯಕ್ರಮ ಒಂದು ಗಂಟೆಗೆ ಇಳಿದಿದೆ. ಪಿಜ್ಜಾ, ಕಾಲೇಜು ಸುತ್ತಾಟ, ಅಷ್ಟೇ. ಸುತ್ತಾಟಕ್ಕೆ ಆನ್‌ಲೈನಿನಲ್ಲಿ ಬದಲಿ ಇಲ್ಲ. ನಾವೂ ಒಂದು ವಿಡಿಯೊ ಮಾಡಿದ್ದೆವು, ಖಾಲಿ ಕಾಲೇಜಿನಲ್ಲಿ ನಡೆಯುತ್ತಾ. ಕಳ್ಳತನಕ್ಕೆ ಮುಂಚೆ ಜಾಗ ನೋಡಿಕೊಂಡ ಹಾಗಿತ್ತು. ಹಳದಿ ಚೀಟಿಯ ಕಟ್ಟೂ ಮರಳಿ ಮೇಜಿಗೆ ಬಂದಿದೆ. ಮಕ್ಕಳು ಅದನ್ನು ಜೇಬಿಗಿಡುವುದಿಲ್ಲ, ಫೋನಿನಲ್ಲಿ ಫೋಟೊ ತೆಗೆದುಕೊಂಡು ನನಗೇ ಹಿಂದಿರುಗಿಸುತ್ತಾರೆ.

ಮಂಗಳವಾರದ ಅರ್ಧ ಗಂಟೆಯನ್ನು ಬಿಟ್ಟಿಲ್ಲ. ಒಂದು ಗಂಟೆಯ ಕಾರ್ಯಕ್ರಮಕ್ಕೆ ಒಂದೂವರೆ ಗಂಟೆ ಏಕೆ ಕಾದಿರಿಸುತ್ತೀರಿ ಎಂದು ಪ್ರತಿ ಸೆಮಿಸ್ಟರಿನಲ್ಲೂ ಯಾರಾದರೊಬ್ಬರು ಕೇಳುತ್ತಿದ್ದರು. ವಿವರಿಸಿ ಸಾಕಾಗಿ ಕ್ಯಾಲೆಂಡರಿನಲ್ಲಿ ಆ ಅರ್ಧ ಗಂಟೆಗೆ ಬೇರೆಯದೇ ಹೆಸರು ಕೊಟ್ಟು, ಕನ್ನಡ ಅಕ್ಷರದಲ್ಲಿ ‘ಬಾಗಿಲು’ ಎಂದು ಬರೆದೆ. ಯಾವುದೋ ಹಬ್ಬ ಇರಬೇಕು ಎಂದುಕೊಂಡು ಈಗ ಯಾರೂ ಕೇಳುವುದಿಲ್ಲ. ವಿಯೆಟ್ನಾಮೀಸ್ ವಿಡಿಯೊಗಳನ್ನು ಮಾಡಿದ ಗೆಳತಿಯೊಬ್ಬಳಿಗೆ ಮಾತ್ರ ಅರ್ಥ ಹೇಳಿದ್ದೇನೆ. ಅವಳ ಗುರುವಾರದ ಕ್ಯಾಲೆಂಡರಿನಲ್ಲೂ ಆ ಮೂರು ಅಕ್ಷರ ಇವೆ. ನನ್ನಿಂದ ನಕಲು ಮಾಡಿ ಅಂಟಿಸಿಕೊಂಡಳು. ಈ ವಾರ ನನ್ನ ಬಾಗಿಲಿಗೆ ಒಂದು ಸೇರು ಅವರೆಕಾಯಿ ತಂದಿಟ್ಟಿದ್ದೇನೆ, ಸುಲಿಯಲು ಎಷ್ಟು ಹೊತ್ತು ಬೇಕೋ.